ಹಸ್ತ ಮಳ್ಯಾಗ ರಾಯಚೂರು: ಮೊದಲ ದಿನ ಹಾಳಾಗದಂಗ ನೋಡಿ ಬಂದದ್ದು (ನನ್ನ ಅನುಭವ)

ಹೊಸ ಊರಿಗೆ ಹೋದ ಮೊದಲ ದಿನಾನೇ ಮಳಿ ಹಿಡಿದ್ರ ಆ ದಿನ ಮುಗೀತು, ಲಾಡ್ಜ್‌ನಾಗ ಮಲಗೋದೇ ಅಂತ ನಮ್ಮ ಮಂದಿ ಎಲ್ಲಾರೂ ಹೇಳ್ತಾರ. ನಾ ಇದನ್ನ ಮೊದಲಿಂದನೂ ಒಪ್ಪಿಲ್ಲ, ಹೇಳಿದ್ರ ನಗ್ತಿದ್ರು. ಈ ಸಲ ದಸರಾ ರಜಾದಾಗ ಮನಿ ಮಂದಿನ್ನೆಲ್ಲ ಕರ್ಕೊಂಡು ರಾಯಚೂರಿಗೆ ಹೋಗಿ, ಜಿಟಿಜಿಟಿ ಮಳ್ಯಾಗ, ಬಾಡಿಗಿ ಗಾಡಿ ಇಲ್ದಂಗ ಕೋಟೆ ಪೂರ್ತಿ ನೋಡಿ ಬಂದೀವಿ, ಯಾರಿಗೂ ನೆಗಡಿ ಸೈತ ಆಗಿಲ್ಲ. ಅದಕ್ಕ ಬರೀಲಿಕ್ಕತ್ತೀನಿ. ರೂಮ್ ಹೆಂಗ ಹುಡುಕೋದು, ಬ್ಯಾಗ್ ಹೆಂಗ ತುಂಬೋದು ಇವೆಲ್ಲ ತಿರುಗಾಡೋರಿಗೆ ಗೊತ್ತಿರ್ತಾವ, ಬಿಟ್ಟೀನಿ.

ರಾಯಚೂರೇ ಯಾಕ ಅಂದ್ರ, ನಮ್ಮದು ಕೊಪ್ಪಳ. 1997 ತನಕ ಕೊಪ್ಪಳ ರಾಯಚೂರು ಜಿಲ್ಲಾದಾಗನ ಇತ್ತು. ಅಂದ್ರ ನಮ್ಮಪ್ಪನ ವಾರಿಗಿ ಮಂದಿ ಡಿಸಿ ಆಫೀಸು, ಕೋರ್ಟು, ಭೂಮಿ ಕಾಗದಪತ್ರ ಅಂತ ಎಷ್ಟ್ ಸಲ ಆ ಊರಿಗೆ ಅಡ್ಡಾಡ್ಯಾರೋ ಲೆಕ್ಕಿಲ್ಲ, ಆದ್ರ ಒಬ್ರೂ ಕೋಟೆ ಒಳಗ ಕಾಲಿಟ್ಟವರಲ್ಲ, ಬಸ್ಸಿಂದ ಇಳಿಯೋದು, ಕಚೇರಿ, ಊಟ, ಮತ್ತ ಬಸ್ಸು. ಅವ್ವಗ ಹೇಳಿದ್ರ "ರಾಯಚೂರಾಗ ಏನೈತೋ ನೋಡಾಕ? ಕಚೇರಿ ಐತಿ, ಬಿಸಿಲೈತಿ" ಅಂದ್ಲು. ಅಕ್ಕನ ಗಂಡ, ನಮ್ಮ ಭಾವ, ಇನ್ನೂ ಜೋರು: "ಏನಪಾ, ಬಿಸಿಲೂರಿಗೆ ಮಳ್ಯಾಗ ಹೊಂಟೀ, ಅದೂ ಬಸ್ಸಿನಾಗ, ನಿನಗ ತಲಿ ಐತೋ ಇಲ್ಲೋ." ಭಾವ ಕ್ರೂಸರ್ ಪಾರ್ಟಿ. ಎಲ್ಲಿಗೆ ಹೋದ್ರೂ ಒಂದ್ ಕ್ರೂಸರ್ ಗಾಡಿ ಬಾಡಿಗಿಗೆ ಮಾಡಬೇಕು, ಇಡೀ ದಿನಕ್ಕ.

ಆ ಕ್ರೂಸರ್ ಪದ್ಧತಿ ಮಳ್ಯಾಗ ಹೆಂಗ ಫೇಲ್ ಆಗ್ತೈತಿ ಅನ್ನೋದನ್ನ ನಾ ಕಣ್ಣಾರೆ ನೋಡೀನಿ. ಬಾದಾಮಿ ಕಡೆ ಹೋದಾಗ ಬೆಳಿಗ್ಗೆ ಇಳಿದದ್ದೇ ತಡ ಮಳಿ ಹಿಡೀತು, ಗಾಡಿ ಬಾಡಿಗಿ ನೆನಪಿದ್ದಂಗ 4,500 ಹತ್ರ, ಡ್ರೈವರ್ ಊಟ ಭತ್ತೆ ಬ್ಯಾರೆ, ಕೊಟ್ಟ ರೊಕ್ಕ ವಸೂಲಾಗಬೇಕಲ್ಲ ಅಂತ ಲಿಸ್ಟ್‌ನಾಗಿದ್ದ ಎಲ್ಲಾ ಜಾಗಕ್ಕೂ ಹೋಗಿದ್ದಾತು, ಹೋದಲ್ಲೆಲ್ಲ ಇಳಿ, ತೊಯ್ಸಿಕೋ, ಓಡಿ ಬಂದು ಹತ್ತು, ಒಳಗ ಹನ್ನೊಂದ್ ಮಂದಿ ಹಸಿ ಬಟ್ಟಿ ವಾಸನಿ, ಗ್ಲಾಸ್ ಎಲ್ಲ ಆವಿ ಹಿಡಿದು ಹೊರಗ ಏನೂ ಕಾಣವಲ್ದು. ಸಂಜಿಗೆ ಎರಡು ಹುಡುಗರಿಗೆ ಜ್ವರ, ಔಷಧಿಗೆ ಮತ್ತ 600-700. ನೋಡಿದ್ದು ಏನು ಅಂತ ಕೇಳಿದ್ರ ಯಾರಿಗೂ ಹೇಳಾಕ ಬರಲಿಲ್ಲ. ಗಾಡಿ ಹಿಡಿದ್ರ ಮನಿಷ್ಯಾ ಮಳಿ ನೋಡೋದಿಲ್ಲ, ಮೀಟರ್ ನೋಡ್ತಾನ. ನನ್ನ ಲೆಕ್ಕ ಬ್ಯಾರೆ: ಮೊದಲ ದಿನ ಗಾಡಿ ಇಲ್ಲ, ಲಿಸ್ಟ್ ಇಲ್ಲ, ದೂರದ ಜಾಗ ಒಂದೂ ಇಲ್ಲ. ಬಸ್ ಸ್ಟ್ಯಾಂಡಿಂದ ನಡಕೊಂಡು ಹೋಗೋವಷ್ಟರಾಗ ಏನೈತೋ ಅಷ್ಟ. ಮಳಿ ಬಂದಾಗ ನಿಲ್ಲಾಕ ಸೂರು, ಬಿಟ್ಟಾಗ ನಡಿಗಿ, ಗುಡ್ಡ ಕಟ್ಟಕಡೀಕ.

ಇದಕ್ಕ ರಾಯಚೂರಿನಂಥ ಊರು ಮತ್ತೊಂದಿಲ್ಲ, ಯಾಕಂದ್ರ ಬಸ್ ಸ್ಟ್ಯಾಂಡು, ಕೋಟೆ, ಬಜಾರ ಎಲ್ಲ ಒತ್ತೊತ್ತಿಗೆ ಅದಾವ, ಮತ್ತ ಆ ಕೋಟೆಗೆ ಎರಡು ಸುತ್ತು ಗ್ವಾಡಿ, ದರ್ವಾಜಾ ಮ್ಯಾಲೆ ದರ್ವಾಜಾ. ಹೊರಗಿನ ಸುತ್ತಿನಾಗ ಪಶ್ಚಿಮಕ್ಕ ಮೆಕ್ಕಾ ದರ್ವಾಜಾ, ಉತ್ತರಕ್ಕ ನೌರಂಗಿ, ಪೂರ್ವಕ್ಕ ಕಾಟಿ ದರ್ವಾಜಾ. ದರ್ವಾಜಾ ಅಂದ್ರ ಬರೀ ಕಮಾನಲ್ಲ, ಒಳಗ ಕಾವಲಿನವರು ಕೂಡೋ ಕಟ್ಟಿ, ಮ್ಯಾಲೆ ಕಲ್ಲಿನ ಛಾವಣಿ, ಎಂಥಾ ಮಳಿ ಬಂದ್ರೂ ಹನಿ ಬೀಳಂಗಿಲ್ಲ. ಮಳಿಗೆ ಛತ್ರಿ ಹಿಡಿಯೋದಕ್ಕಿಂತ ದರ್ವಾಜಾ ಹಿಡಿಯೋದು ಪಾಡು.

ಬೆಳಿಗ್ಗೆ ಆರಕ್ಕ ಕೊಪ್ಪಳ ಬಿಟ್ವಿ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ. ಶಕ್ತಿ ಯೋಜನೆ ಇದ್ದದ್ದಕ್ಕ ಅವ್ವ, ಮನಿಯಾಕಿ, ಮಗಳು ಮೂರೂ ಮಂದಿಗೆ ಝೀರೋ ಟಿಕೆಟ್, ನಂದೊಂದು ಪೂರ್ತಿ, ಸಣ್ಣಾವಂದು ಅರ್ಧ, ಎರಡೂ ಕೂಡಿ 300ರ ಮ್ಯಾಲೆ ಸ್ವಲ್ಪ ಆಗಿರಬೇಕು. (ಅವ್ವನ ಆಧಾರ್ ಕಾರ್ಡ್ ಚೀಲದ ತಳದಾಗಿತ್ತು, ಅದನ್ನ ಹುಡುಕೋ ತನಕ ಕಂಡಕ್ಟರ್ ನಿಂತಿದ್ದ, ಪುಣ್ಯಾತ್ಮ.) ಸಿಂಧನೂರು ದಾಟೂದ್ರಾಗ ಮಳಿ ಶುರು. ಕಾಲುವಿ ನೀರಿನ ಭತ್ತದ ಗದ್ದಿ, ಅದರ ಮ್ಯಾಲೆ ಮಳಿ, ಮಾನ್ವಿ ತನಕ ಕಿಟಕ್ಯಾಗ ಬರೀ ಹಸಿರು ಮತ್ತ ನೀರು. ಭಾವ ಫೋನ್ ಮಾಡಿದ: "ಹೆಂಗೈತಿ?" ನಾ ಅಂದೆ, "ಭಾರಿ ಐತ್ರಿ ಭಾವ."

ರಾಯಚೂರು ಮುಟ್ಟಿದಾಗ ಹನ್ನೊಂದು ಹೊಡೆದಿತ್ತು. ಲಾಡ್ಜ್ ಬಸ್ ಸ್ಟ್ಯಾಂಡಿಗೆ ಹತ್ತಿರದ್ದ ಹಿಡಿದಿದ್ದೆ, ಅಷ್ಟೇನು ಚಂದಿಲ್ಲ, 1,100 ಹೇಳಿದ್ರು, ಹಾಸಿಗಿ ಒಂದು ಹೆಚ್ಚಿಗಿ ಹಾಕಿ 1,000ಕ್ಕ ಬಂತು. ಹೆಂಗ ಬಂತು ಅಂತ ಕೇಳಬ್ಯಾಡ್ರಿ, ಅದು ನನ್ನ ಕಡೇನ ಇರ್ಲಿ. ರೂಮ್ ಖಾಲಿ ಆಗಿದ್ದಿಲ್ಲ, ಬ್ಯಾಗ್ ಅಷ್ಟ ಇಟ್ಕೊಳ್ರಿ ಅಂತ ಕೌಂಟರ್‌ನಾಗ ಇಟ್ಟು ಬರಿಗೈಲೆ ಹೊಂಟ್ವಿ. ಬರಿಗೈ ಭಾಳ ಮುಖ್ಯ, ಮಳ್ಯಾಗ ಬ್ಯಾಗ್ ಹೊತ್ತವನ ಬುದ್ಧಿ ಪೂರ್ತಿ ಬ್ಯಾಗಿನ ಮ್ಯಾಲಿರ್ತೈತಿ.

ಈಗ ಮಳಿ ಸಾಮಾನಿನ ವಿಷಯ, ಇದರಾಗ ನಾ ಭಾಳ ರೊಕ್ಕ ಕಳ್ಕೊಂಡೀನಿ. ಫೋಲ್ಡಿಂಗ್ ಛತ್ರಿ ಬಯಲುಸೀಮಿ ಗಾಳಿಗೆ ಒಂದ್ ತಾಸು ತಡಿಯೋದಿಲ್ಲ, ಉಲ್ಟಾ ಆಗಿ ಕಡ್ಡಿ ಮುರೀತಾವ. 150-200ರ ತೆಳು ರೇನ್‌ಕೋಟ್ ಕಂಕುಳಾಗ ಹರೀತಾವ. ಬೈಕಿನವರ ದಪ್ಪ ರೇನ್‌ಕೋಟ್ 900 ಕೊಟ್ಟು ತಂದಿದ್ದೆ, ಹೊರಗಿಂದ ನೀರು ಬರೋದಿಲ್ಲ ಖರೆ, ಒಳಗಿಂದ ಬೆವರು ಬರ್ತೈತಿ, ಹತ್ತು ಮಿನಿಟ್ ನಡೆದ್ರ ಮಳ್ಯಾಗ ನಿಂತವಗಿಂತ ಹೆಚ್ಚು ತೊಯ್ದಿರ್ತೀವಿ. ಕಡೀಕ ನಾ ಬಂದು ನಿಂತದ್ದು ನಮ್ಮಜ್ಜನ ಕೊಪ್ಪಿಗೆ. ಗೊಬ್ಬರದ ಚೀಲದ ಒಂದು ಮೂಲಿ ಒಳಗ ಇನ್ನೊಂದು ಮೂಲಿ ತುರುಕಿ ತಲಿ ಮ್ಯಾಲೆ ಹಾಕ್ಕೊಳ್ಳೋದು, ಹೊಲಕ್ಕ ಹೋಗೋರಿಗೆ ಹೇಳೋದೇ ಬ್ಯಾಡ. ಬರೀ ನೇಯ್ದ ಚೀಲ ಆದ್ರ ನೀರು ಸೋಸಿ ಒಳಗ ಬರ್ತೈತಿ, ಒಳಗ ಪ್ಲಾಸ್ಟಿಕ್ ಹಾಳಿ ಇರೋ ಚೀಲನ ಬೇಕು, ಮತ್ತ ಮೊದಲ ಮೂರ್ನಾಲ್ಕು ನೀರಿನಾಗ ತೊಳಿಬೇಕು ಇಲ್ಲಂದ್ರ ಮೈ ತುರಿಸ್ತೈತಿ. ಗಾಳಿಗೆ ಉಲ್ಟಾ ಆಗಂಗಿಲ್ಲ, ಎರಡೂ ಕೈ ಖಾಲಿ, ಕೆಳಗ ತೆರೆದಿರ್ತೈತಿ ಅಂತ ಬೆವರಿಲ್ಲ. ಮನಿಯಾಕಿ "ರೀ, ನಾ ಅದನ್ನ ಹಾಕ್ಕೊಂಡು ಊರಾಗ ಬರಂಗಿಲ್ಲ ನೋಡ್ರಿ" ಅಂತ ಛತ್ರಿ ಹಿಡ್ಕೊಂಡ್ಲು. ಮಧ್ಯಾಹ್ನದಷ್ಟೊತ್ತಿಗೆ ಛತ್ರಿ ಮುರಿದಿತ್ತು, ಇದ್ದ ಒಂದು ಹೆಚ್ಚಿನ ಕೊಪ್ಪಿ ಆಕಿ ತಲಿ ಮ್ಯಾಲಿತ್ತು. ಕಾಲೇಜ್ ಹುಡುಗರು ಇಬ್ರು ನಮ್ಮ ಫೋಟೋ ಬ್ಯಾರೆ ಹೊಡ್ಕೊಂಡ್ರು.

ಫೋನ್ ಮ್ಯಾಪ್ ಮಳ್ಯಾಗ ನಂಬಬ್ಯಾಡ್ರಿ, ಸ್ಕ್ರೀನ್ ಮ್ಯಾಲೆ ಹನಿ ಬಿದ್ರ ಅದ ಎಲ್ಲೆಲ್ಲೋ ಒತ್ತಿಕೊಂಡು ಹೋಗ್ತೈತಿ. ನಾ ಹಳೇ ಲಗ್ನಪತ್ರಿಕಿ ಹಿಂದ ಪೆನ್ಸಿಲ್‌ನಾಗ ನಕ್ಷೆ ಬರ್ಕೊಂಡು ಹೋಗ್ತೀನಿ. ಜೆಲ್ ಪೆನ್ ಅಳಿಸಿ ಹೋಗ್ತೈತಿ, ಪೆನ್ಸಿಲ್ ಅಳಿಸೋದಿಲ್ಲ, ಲಗ್ನಪತ್ರಿಕಿ ದಪ್ಪ ಇರೋದಕ್ಕ ನೆನೆದ್ರೂ ಹರಿಯೋದಿಲ್ಲ. ಫೋನ್ ಬೇಕಾಗೋದು ಎರಡಕ್ಕ ಅಷ್ಟ. ಒಂದು, ಹವಾಮಾನ ಇಲಾಖೆಯ ಹೈದರಾಬಾದ್ ರಾಡಾರ್ ಚಿತ್ರ, ರಾಯಚೂರು ಅದರ ವ್ಯಾಪ್ತಿಯೊಳಗ ಬರ್ತೈತಿ. ಮಳಿ ಬರ್ತೈತೋ ಇಲ್ಲೋ ಅನ್ನೋ ಮುನ್ಸೂಚನೆ ನನಗ ಬೇಕಾಗಿಲ್ಲ, ಈ ಮೋಡ ಯಾವಾಗ ದಾಟ್ತೈತಿ ಅನ್ನೋದು ಬೇಕು. ಆ ದಿನ ಮೋಡ ಎಲ್ಲ ಮಹಬೂಬ್‌ನಗರದ ಕಡಿಂದ ತುಂಡುತುಂಡಾಗಿ ಬರ್ತಿದ್ವು, ನಡಕ ಖಾಲಿ ಜಾಗ. ಎರಡು ಚಿತ್ರ ಹಿಂದ ಮುಂದ ಮಾಡಿ ನೋಡಿದ್ರ ನಡಿಗಿಗೆ ಎಷ್ಟು ಹೊತ್ತು ಸಿಗ್ತೈತಿ ಅಂತ ಅಂದಾಜು ಬರ್ತೈತಿ. ಇನ್ನೊಂದು ದಾಮಿನಿ ಆ್ಯಪ್, ಸಿಡಿಲು ನಮ್ಮಿಂದ ಎಷ್ಟು ದೂರ ಬಿದ್ದೈತಿ ಅಂತ ತೋರಿಸ್ತೈತಿ. ಗುಡ್ಡ ಹತ್ತೋರಿಗೆ ಇದು ಬೇಕೇಬೇಕು, ಇದರಾಗ ಚೌಕಾಸಿ ಇಲ್ಲ.

ಮೊದಲು ಹೋಗಿ ನಿಂತದ್ದು ಮೆಕ್ಕಾ ದರ್ವಾಜಾದಾಗ. ಮಳಿ ಜೋರು. ನಾವು ಐದು ಮಂದಿ, ಎರಡು ಆಡು, ಒಬ್ಬ ಹಣ್ಣಿನ ಗಾಡಿಯವ. ಅವ ಪೇರಲಹಣ್ಣು ಕೊಯ್ದು ಖಾರದಪುಡಿ ಹಾಕಿ ಕೊಟ್ಟ, ದಖ್ಖನಿ ಉರ್ದು, ತೆಲುಗು, ಕನ್ನಡ ಮೂರೂ ಒಂದ ವಾಕ್ಯದಾಗ ಮಾತಾಡ್ತಿದ್ದ, ಅವ್ವಗ ಅದು ಪೂರ್ತಿ ತಿಳೀತು, ನನಗ ಅರ್ಧ. ನಿಜಾಮನ ಕಾಲ ಕಂಡ ಊರು, 1948 ತನಕ ಹೈದರಾಬಾದ್ ಸಂಸ್ಥಾನ, ನಮ್ಮ ಕೊಪ್ಪಳನೂ ಅದರಾಗ ಇತ್ತು, ಆದ್ರ ರಾಯಚೂರಾಗ ಆ ವಾಸನಿ ಇನ್ನೂ ಐತಿ. ಮುಕ್ಕಾಲು ತಾಸು ಅಲ್ಲೇ ಕುಂತ್ವಿ. ಕ್ರೂಸರ್ ಇದ್ದಿದ್ರ ಇಷ್ಟೊತ್ತಿಗೆ "ನಡೀರಿ ನಡೀರಿ" ಅಂತಿದ್ರು.

ಮಳಿ ಕಡಿಮಿ ಆತು, ಒಳಕೋಟೆ ಕಡೆ ನಡೆದ್ವಿ. ಹೊರಗಿನ ಗ್ವಾಡಿ ಬಿಜಾಪುರದ ಆದಿಲ್ ಶಾಹಿಗಳ ಕಾಲದ್ದು, ಒಳಗಿಂದು ಅದಕ್ಕಿಂತ ಹಳೇದು, ಕಾಕತೀಯರ ಕಾಲದ್ದು. ಒಳಗಿನ ಗ್ವಾಡಿಗೆ ಗಾರಿ ಇಲ್ಲ, ದೊಡ್ಡ ದೊಡ್ಡ ಕಲ್ಲು ಹಂಗ ಕೂಡಿಸ್ಯಾರ. ಗಾರಿ ಇಲ್ಲದ ಗ್ವಾಡಿ ಮಳ್ಯಾಗ ನೋಡಬೇಕು, ಸಂದಿ ಸಂದಿಯಿಂದ ನೀರು ಇಳೀತಿರ್ತೈತಿ, ಯಾವ ಕಲ್ಲಿಗೆ ಯಾವ ಕಲ್ಲು ಕೂಡಿಸ್ಯಾರ ಅನ್ನೋದು ನೀರೇ ಗೆರಿ ಎಳೆದು ತೋರಿಸ್ತೈತಿ.

ನಾ ನೋಡಬೇಕಂದಿದ್ದು ಒಳಗೋಡೆಯ ಪಶ್ಚಿಮಕ್ಕಿರೋ ಆ ಉದ್ದನ ಕಲ್ಲು. 41 ಅಡಿ ಉದ್ದದ ಒಂದ ಕಲ್ಲು, ಅದರ ಮ್ಯಾಲೆ 1294ರ ತೆಲುಗು ಶಾಸನ, ಗೋರೆ ಗಂಗಯ್ಯ ರೆಡ್ಡಿ ಆಜ್ಞಾದಂಗ ವಿಠ್ಠಲನಾಥ ಈ ಕೋಟೆ ಕಟ್ಟಿಸಿದ ಅಂತ. ಬಾಜೂಕ ಇದ ಕಲ್ಲನ್ನ ಗಾಡಿ ಮ್ಯಾಲೆ ಹೇರಿ ಕೋಣಗಳ ಸಾಲು ಎಳೀತಿರೋ ಚಿತ್ರಾನೂ ಕೆತ್ಯಾರ. ಅಂದ್ರ ಹೆಂಗ ತಂದ್ರು ಅಂತ ಕೇಳೋರಿಗೆ ಏಳುನೂರು ವರ್ಷದ ಹಿಂದನ ಉತ್ತರ ಕೊಟ್ಟಾರ.

ಇಲ್ಲಿ ಒಂದು ಪ್ರಯೋಗ ಮಾಡಿದೆ. ಇದನ್ನ ಬರೀಬೇಕಂತನ ಇಷ್ಟೆಲ್ಲ ಬರೆದೀನಿ ಅಂದ್ರೂ ಸರಿ. ನಾವು ಹೋದಾಗ ಅಡ್ಡಗಾಳಿ ಮಳಿಗೆ ಕಲ್ಲು ಪೂರ್ತಿ ತೊಯ್ದಿತ್ತು, ಮ್ಯಾಲೆ ಮೋಡ, ನೆರಳಿಲ್ಲ ಬೆಳಕಿಲ್ಲ, ಅಕ್ಷರ ಒಂದೂ ಕಾಣವಲ್ದು. ಮನಿಯಾಕಿ "ಇದನ್ನ ನೋಡಾಕ ಬಂದ್ವೇನ್ರಿ" ಅಂದ್ಲು. ಫೋನ್ ಟಾರ್ಚ್ ಎದುರಿಗೆ ಹಿಡಿದ್ರ ಬರೀ ಹೊಳಪು. ಬಾಜೂಲಿಂದ, ಕಲ್ಲಿಗೆ ಒತ್ತಿ ಅನ್ನೋವಷ್ಟು ಓರೆ ಮಾಡಿ ಹಿಡಿದಾಗ ಅಲ್ಲೊಂದು ಇಲ್ಲೊಂದು ಗೆರಿ ಎದ್ದು ಬಂದ್ವು, ಆದ್ರ ಕೈಗೆ ಎಟಕಿದಷ್ಟೇ. ಬಿಡು ಅಂತ ಪಕ್ಕಕ್ಕ ನಿಂತು ಶೇಂಗಾ ತಿನ್ನಾಕ ಹತ್ತಿದ್ವಿ. ಮಳಿ ಪೂರ್ತಿ ನಿಂತಿತ್ತು, ಗಾಳಿ ಬಿಟ್ಟಿತ್ತು. ಅರ್ಧ ತಾಸು ಆಗಿರಬೇಕು, ಮಗಳು ಚೀರಿದ್ಲು, "ಪಪ್ಪಾ, ಅಕ್ಷರ ಬಂದಾವ!" ಏನಾಗಿತ್ತಂದ್ರ ಕಲ್ಲಿನ ಮೇಲ್ಮೈ ಗಾಳಿಗೆ ಒಣಗಿ ಬೆಳ್ಳಗಾಗಿತ್ತು, ಕೆತ್ತಿದ ತಗ್ಗಿನಾಗ ಮಾತ್ರ ಹಸಿ ಉಳಿದು ಕರ್ರಗ ನಿಂತಿತ್ತು. ಮಸಿ ತುಂಬಿ ಬರೆದಂಗ. ಆ ಕಾಲಕ್ಕ ತೆಲುಗು ಲಿಪಿ, ಕನ್ನಡ ಲಿಪಿ ಹೆಚ್ಚುಕಮ್ಮಿ ಒಂದ ಆಗಿದ್ದಕ್ಕ ಏಳನೇ ಕ್ಲಾಸಿನ ಹುಡುಗಿ ನಾಲ್ಕೈದು ಅಕ್ಷರ ಗುರ್ತು ಹಿಡಿದ್ಲು. ಇಪ್ಪತ್ತು ಮಿನಿಟ್ ಇರಬೇಕು ಅಷ್ಟ, ಆಮೇಲೆ ತಗ್ಗಿನ ಹಸಿನೂ ಒಣಗಿ ಮತ್ತ ಮೊದಲಿನಂಗ ಮಾಸಿ ಹೋತು. ಬಿಸಿಲಾಗ ಎಸಿ ಕಾರಿನಾಗ ಬಂದು ಎರಡು ಮಿನಿಟ್ ನಿಂತು ಹೋಗೋರಿಗೆ ಇದು ಸಿಗೋದಿಲ್ಲ. ಆಮೇಲೆ ಇದನ್ನ ಕೊಪ್ಪಳದಾಗ ನಮ್ಮ ಓಣಿ ವೀರಗಲ್ಲಿನ ಮ್ಯಾಲೂ ಮಾಡಿ ನೋಡೀನಿ, ಕೊಡದಾಗಿನ ನೀರು ಹಾಕಿ. ಬರೀ ನೀರು ಹಾಕಿದ್ರ ಸಾಲೋದಿಲ್ಲ, ಮಳಿಯಂಗ ಭಾಳೊತ್ತು ನೆನೀಬೇಕು. ಕಲ್ಲಿಗೆ ಸುಣ್ಣ, ಹಿಟ್ಟು, ಚಾಕ್‌ಪೀಸ್ ತಿಕ್ಕೋದು ಮಾತ್ರ ಮಾಡಬ್ಯಾಡ್ರಿ, ಕಲ್ಲು ಕೆಡ್ತೈತಿ.

ಮತ್ತ ಮೋಡ ಕಟ್ಟಿತು, ಊಟಕ್ಕ ಹೋದ್ವಿ. ಊಟ ಅಂದ್ರ ಒಗ್ಗರಣಿ, ಮಿರ್ಚಿ. ಕೊಪ್ಪಳದಾಗೂ ಅದನ್ನ ತಿಂತೀವಲ್ಲ ಅಂದ್ರ, ಮಳ್ಯಾಗ ಬ್ಯಾರೆ ಊರಿನ ಮಿರ್ಚಿ ರುಚಿನೇ ಬ್ಯಾರೆ, ಖಾರ ಸ್ವಲ್ಪ ಹೆಚ್ಚು. ಐದು ಮಂದಿಗೆ ಚಹಾ ಸೇರಿ 230-240 ಆಗಿತ್ತು. ತೀನ್ ಕಂದೀಲ್ ಕಡೆ ಬಜಾರದಾಗ ಅಂಗಡಿ ಮುಂದಿನ ಸೂರಿನ ಕೆಳಗ ಅಡ್ಡಾಡಿದ್ವಿ, ಅವ್ವ ಅಲ್ಲಿ ಒಂದು ಹಿತ್ತಾಳಿ ಬಟ್ಟಲಾ ಚೌಕಾಸಿ ಮಾಡಿ ಮಾಡಿ ಕಡೀಕ ತಗೊಳ್ಳಲಿಲ್ಲ, ಅರ್ಧ ತಾಸು ಹೋತು, ಹೋಗ್ಲಿ ಹೊರಗ ಹೆಂಗೂ ಮಳಿ. ಏಕ್ ಮಿನಾರ್ ಮಸೀದಿ ಹೊರಗಿಂದ ನೋಡಿದ್ವಿ, ಬಹಮನಿ ಕಾಲದ ಒಂಟಿ ಮಿನಾರು, ಸುಮಾರು 65 ಅಡಿ ಎತ್ತರ. ತಲಿ ಎತ್ತಿ ನೋಡಿದ್ರ ಕಣ್ಣಾಗ ಮಳಿ, ಅದಕ್ಕ ಲಗೂನ ಮುಗಿಸಿದ್ವಿ.

ಗುಡ್ಡದ ಮಾತಿಗೆ ಬರ್ತೀನಿ. ಕೋಟೆ ನಡುವಿನ ಗುಡ್ಡ, ಬಾಲಾ ಹಿಸಾರ್. ಎಲ್ಲಾರೂ ಬೆಳಿಗ್ಗೆ ಮೊದಲು ಗುಡ್ಡ ಹತ್ತಿ ಬಿಡೋಣ ಅಂತಾರ, ಮಳಿಗಾಲದಾಗ ಅದು ಕಾಲು ಮುರ್ಕೊಳ್ಳೋ ಪ್ಲಾನು. ನಮ್ಮ ಕಡೆ ಕಲ್ಲು ನೀರು ಕುಡಿಯೋದಿಲ್ಲ, ಮಳಿ ನಿಂತು ಗಾಳಿ ಬಿಟ್ರ ಒಂದ್ ತಾಸಿನಾಗ ಬಯಲು ಬಂಡೆಗಲ್ಲು ಒಣಗ್ತೈತಿ, ಆದ್ರ ನೆರಳಿನ ಕಡೆ, ಹುಲ್ಲಿನ ಬುಡದಾಗ, ಪಾಚಿ ಕಟ್ಟಿದಲ್ಲಿ ಸಂಜಿ ತನಕ ಹಸಿ. ಕರ್ರಗ ಮಿಂಚೋ ಕಲ್ಲಿನ ಮ್ಯಾಲೆ ಕಾಲಿಡಬಾರದು, ಬೂದಿ ಬಣ್ಣಕ್ಕ ತಿರುಗಿದ್ದರ ಮ್ಯಾಲೆ ಇಡಬೇಕು. ರಬ್ಬರ್ ಚಪ್ಪಲ್ ಸವೆದಿದ್ರ ಬರಿಗಾಲು ಪಾಡು. ನಾಲ್ಕೂವರಿಗೆ ರಾಡಾರ್‌ನಾಗ ದೊಡ್ಡ ಖಾಲಿ ಜಾಗ ಕಂಡ್ತು, ದಾಮಿನಿಯಾಗ ಹತ್ತಿರ ಸಿಡಿಲಿಲ್ಲ. ಅವ್ವನ್ನ ಕೆಳಗ ಮನಿಯಾಕಿ ಜೋಡಿ ಕೂಡಿಸಿ ನಾ ಹುಡುಗರ್ನ ಕರ್ಕೊಂಡು ಹೊಂಟೆ, ಹತ್ತು ಮಿನಿಟಿಗೆ ಅವ್ವನೂ ಹಿಂದ ಬರ್ಲಿಕ್ಕತ್ತಾಳ, "ನಾ ಏನ್ ಮುದುಕಿ ಆಗೀನೇನು" ಅಂತ. ಅವ್ವ ಬಂದ ಮ್ಯಾಲೆ ಮನಿಯಾಕಿ ಒಬ್ಬಾಕಿ ಯಾಕ ಕೂಡ್ತಾಳ. ನಾವು ಹತ್ತಿದ ದಾರಿ ಎಲ್ಲಾರೂ ಹತ್ತೋ ದಾರಿ ಅಲ್ಲ, ಗಾಳಿ ಬಡಿಯೋ ಕಡಿದು, ಅದಕ್ಕ ಲಗೂನ ಒಣಗಿರ್ತೈತಿ. ಎಲ್ಲಿಂದ ಶುರು ಅಂತ ಹೇಳೋದಿಲ್ಲ, ರೀಲ್ಸ್ ಮಾಡೋರು ಬಂದು ಗದ್ದಲ ಮಾಡ್ತಾರ. ಹೋಗಿ ಹುಡುಕ್ರಿ, ಸಿಗ್ತೈತಿ.

ಮ್ಯಾಲೆ ದರ್ಗಾ ಐತಿ, ಹಳೇ ಕಟ್ಟಡ ಅದಾವ, ಉದ್ದನ್ನ ಫಿರಂಗಿ ತೋಪೊಂದು ಬಿದ್ದೈತಿ. ಕೆಳಗ ಮಾವಿನಕೆರಿ ತುಂಬಿ ಕೆಂಪಗಾಗಿತ್ತು. ಮಳಿಗೆ ಧೂಳೆಲ್ಲ ತೊಳೆದು ಹೋಗಿ ಭಾಳ ದೂರ ಕಾಣ್ತಿತ್ತು, ಮಗಳು ಅಗೋ ಶಕ್ತಿನಗರದ ಕರೆಂಟ್ ಸ್ಥಾವರದ ಚಿಮಣಿ ಅಂದ್ಲು, ಮನಿಯಾಕಿ ಅದು ಮೋಡ ಅಂದ್ಲು, ತೀರ್ಮಾನ ಆಗಲಿಲ್ಲ. 1520ರಾಗ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನ್ನ ಸೋಲಿಸಿ ಈ ಕೋಟೆ ತಗೊಂಡದ್ದು ಹುಡುಗರಿಗೆ ಹೇಳಿದೆ, ಪೋರ್ಚುಗೀಸರು ಬಂದೂಕ ತಂದು ರಾಯನ ಕಡೆ ನಿಂತದ್ದು, ಗ್ವಾಡಿ ಮ್ಯಾಲಿಂದ ಇಣುಕಿದವರಿಗೆ ಗುಂಡು ಹೊಡೆದದ್ದು. ಆ ಯುದ್ಧ ಆದದ್ದು ಮೇ ತಿಂಗಳಾಗ. ರಾಯಚೂರಾಗ, ಮೇ ತಿಂಗಳಾಗ, ಮೈಮ್ಯಾಲೆ ಕಬ್ಬಿಣ ಹಾಕ್ಕೊಂಡು! ಸಣ್ಣಾವ ಕೇಳಿದ, "ಪಪ್ಪಾ, ಅವರೂ ನಮ್ಮಂಗ ಮಳಿಗಾಲದಾಗ ಬರಬೇಕಿತ್ತಲ್ಲ?" ಆರಕ್ಕ ಇಳಿದ್ವಿ, ಲಾಡ್ಜ್ ಮೆಟ್ಲಾ ಹತ್ತೂದ್ರಾಗ ಮಳಿ ಮತ್ತ ಹಿಡೀತು. ರಾಡಾರ್ ಹೇಳಿದ್ದಕ್ಕಿಂತ ಹತ್ತು ಮಿನಿಟ್ ಹಿಂದ ಮುಂದ.

ರಾತ್ರಿ ಬೂಟ್ ಒಣಗಿಸೋದು ಒಂದು ಕೆಲಸ. ಹಿಂದೊಮ್ಮೆ ಬ್ಯಾರೆ ಊರಾಗ ಲಾಡ್ಜಿನ ಇಸ್ತ್ರಿ ಪೆಟ್ಟಿಗಿ ಸಾಕ್ಸ್ ಮ್ಯಾಲೆ ಎಳೆದು ನೋಡಿದ್ದೆ, ಸಾಕ್ಸ್ ಕರಗಿ ಇಸ್ತ್ರಿ ಪೆಟ್ಟಿಗಿಗೆ ಅಂಟಿ 300 ದಂಡ. ಹೇರ್ ಡ್ರೈಯರ್ ತಂದು ಊದಿದ್ರ ಬೂಟಿನ ಅಂಟು ಬಿಡ್ತು. ಈಗ ನ್ಯೂಸ್ ಪೇಪರ್ ಉಂಡಿ ಮಾಡಿ ಒಳಗ ತುರುಕೋದು, ಅದು ನೀರು ಹೀರ್ಕೊಂಡ ಮ್ಯಾಲೆ ತೆಗೆದು ಹೊಸಾದು ಹಾಕೋದು, ಬೂಟು ಫ್ಯಾನಿನ ಕೆಳಗ ಅಡ್ಡ ಮಲಗಿಸೋದು. ಎರಡನೇ ಸಲ ಪೇಪರ್ ಬದಲಿ ಮಾಡೋದನ್ನ ಮಂದಿ ಮರೀತಾರ, ಅದಕ್ಕ ಬೆಳಿಗ್ಗೆ ಹಸಿ ಇರ್ತಾವ. ಕೌಂಟರಿನವಗ ರದ್ದಿ ಪೇಪರ್ ಕೇಳಿದ್ರ ಒಂದು ಕಟ್ಟು ಕೊಟ್ಟ, ಅದರಾಗಿನ ಪದಬಂಧ ಅವ್ವ ಬಿಡಿಸಿ ಆಮೇಲೆ ಕೊಟ್ಲು.

ಖರ್ಚು ಹೇಳಿ ಮುಗಿಸ್ತೀನಿ. ಬಸ್ಸು 300 ಚಿಲ್ರೆ, ಲಾಡ್ಜ್ 1,000, ತಿನ್ನೋದು ಉಣ್ಣೋದು ರಾತ್ರಿಂದು ಸೇರಿ 700ರ ಆಸುಪಾಸು, ಹಣ್ಣು ಶೇಂಗಾ 60, ಮುರಿದ ಛತ್ರಿ 250 (ಮನಿಯಾಕಿ ಇದನ್ನ ನನ್ನ ಲೆಕ್ಕಕ್ಕ ಹಾಕ್ಯಾಳ). ಐದು ಮಂದಿಗೆ ಒಂದ್ ದಿನಕ್ಕ 2,300-2,400. ಬರೀ ಕ್ರೂಸರ್ ಬಾಡಿಗಿ ಇದರ ಎರಡು ಪಟ್ಟು ಆಗ್ತಿತ್ತು. ಮರುದಿನ ಬಿಸಿಲು ಬಿತ್ತು, ಉಳಿದ ರೊಕ್ಕದಾಗ ಗಾಡಿ ಮಾಡ್ಕೊಂಡು ಮಸ್ಕಿಗೆ ಹೋಗಿ ಅಶೋಕನ ಶಾಸನ ನೋಡಿದ್ವಿ, 1915ರಾಗ ಸಿಕ್ಕದ್ದು, ಅಶೋಕ ಅಂತ ಹೆಸರು ಕೆತ್ತಿರೋ ಕಲ್ಲು. ಗಾಡಿ ಮಾಡೋದಿದ್ರ ಹಿಂಗ ಎರಡನೇ ದಿನ, ಆಕಾಶ ನೋಡಿ ಮಾಡ್ರಿ. ಮಸ್ಕಿದು ಇನ್ನೊಮ್ಮೆ ಬರೀತೀನಿ, ಅಲ್ಲಿ ಮಳಿ ಇದ್ದಿಲ್ಲ.